ಸುರತ್ಕಲ್, ಉತ್ತರದ ಐಐಟಿ, ಬೆಂಗಳೂರಿನ ಖಾಸಗಿ ಕಾಲೇಜು: ನಾಲ್ಕು ವರ್ಷಗಳ ಪೂರ್ಣ ವೆಚ್ಚವನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ಸಾಗರದ ಒಬ್ಬ ತಂದೆ

ಮಾನ್ಯರೇ,

ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಿಇಟಿ ಮತ್ತು ಜೆಇಇ ಎರಡರಲ್ಲಿಯೂ ನಾವು ಎಣಿಸಿದ್ದಕ್ಕಿಂತ ಒಳ್ಳೆಯ ರ‍್ಯಾಂಕ್ ಬಂದಿರುವುದರಿಂದ ಈಗ ಮೂರು ದಾರಿಗಳು ಎದುರಿಗಿವೆ. ಮೊದಲನೆಯದು, ಸುರತ್ಕಲ್ಲಿನ ಎನ್‌ಐಟಿಯಲ್ಲಿ ಸ್ವಂತ ರಾಜ್ಯದ ಕೋಟಾದಡಿ ಕಂಪ್ಯೂಟರ್ ಸೈನ್ಸ್ ಅಲ್ಲದ ಒಂದು ವಿಭಾಗ. ಎರಡನೆಯದು, ಉತ್ತರ ಭಾರತದ ಹೊಸ ಐಐಟಿಗಳಲ್ಲಿ ಒಂದರಲ್ಲಿ ಅಷ್ಟೇನೂ ಬೇಡಿಕೆ ಇಲ್ಲದ ವಿಭಾಗ. ಮೂರನೆಯದು, ಬೆಂಗಳೂರಿನ ಹೆಸರುವಾಸಿ ಖಾಸಗಿ ಕಾಲೇಜಿನಲ್ಲಿ ಸಿಇಟಿ ಮೂಲಕ ಕಂಪ್ಯೂಟರ್ ಸೈನ್ಸ್.

ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಜೊತೆಗೆ ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದಲ್ಲಿ ಕುಟುಂಬದ ವಾರ್ಷಿಕ ಆದಾಯ ₹4,60,000 ಎಂದಿದೆ. ಕೊಳೆರೋಗ ಬಂದ ವರ್ಷ ಇದಕ್ಕಿಂತ ಕಡಿಮೆಯಾಗುತ್ತದೆ, ದರ ಏರಿದ ವರ್ಷ ಹೆಚ್ಚಾಗುತ್ತದೆ.

ನಾನು ಒಂದು ಹಾಳೆಯಲ್ಲಿ ಮೂರೂ ಸಂಸ್ಥೆಗಳ ವಾರ್ಷಿಕ ಬೋಧನಾ ಶುಲ್ಕವನ್ನು ಬರೆದುಕೊಂಡಿದ್ದೇನೆ: ಐಐಟಿಗೆ ₹2,00,000, ಎನ್‌ಐಟಿಗೆ ₹1,25,000, ಬೆಂಗಳೂರಿನ ಕಾಲೇಜಿಗೆ ‘ಇತರೆ ಶುಲ್ಕ’ಗಳೂ ಸೇರಿ ₹1,12,000. ಇದನ್ನು ನೋಡಿದ ನನ್ನ ಭಾವಮೈದ, ಬೆಂಗಳೂರೇ ಅಗ್ಗವಾಗಿರುವಾಗ ಯೋಚನೆ ಏಕೆ ಎನ್ನುತ್ತಾರೆ. ಮಗಳ ಉಪನ್ಯಾಸಕರೊಬ್ಬರು, ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಸಂಸ್ಥೆಗೆ ಸಾಲ ಮಾಡಿಯಾದರೂ ಕಳುಹಿಸಿ ಎನ್ನುತ್ತಾರೆ. ಲೆಕ್ಕ ಬರೆಯುವುದೇ ನನ್ನ ಕೆಲಸವಾದರೂ, ಈ ಹಾಳೆಯಲ್ಲಿ ಯಾವ ಯಾವ ಕಲಮುಗಳು ಇನ್ನೂ ಬರಬೇಕು ಎಂಬುದು ನನಗೆ ತಿಳಿಯುತ್ತಿಲ್ಲ. ಮಕ್ಕಳನ್ನು ಓದಿಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಸಾಲದ ಬಗೆಗೂ ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಹಾಸನದಿಂದ, ಮಗನನ್ನು ಹೊರರಾಜ್ಯದ ಎನ್‌ಐಟಿಯಲ್ಲಿ ಓದಿಸಿದವರು

ತಮ್ಮ ಹಾಳೆಯಲ್ಲಿರುವುದು ಬೆಲೆಯ ಚೀಟಿ ಮಾತ್ರ. ಮನೆಯಿಂದ ಹೊರಗೆ ಹೋಗುವ ಹಣ ಅದಕ್ಕಿಂತ ಬೇರೆಯೇ ಆಗಿರುತ್ತದೆ, ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ.

ಕಡಿಮೆಯಾಗುವ ಕಡೆಯಿಂದ ಆರಂಭಿಸುತ್ತೇನೆ. ಐಐಟಿ ಮತ್ತು ಎನ್‌ಐಟಿಗಳ ಬೋಧನಾ ಶುಲ್ಕ 2016ರಲ್ಲಿ ಏರಿದಾಗಲೇ (ಐಐಟಿಗಳಲ್ಲಿ ₹90,000 ಇದ್ದದ್ದು ₹2,00,000ಕ್ಕೆ, ಎನ್‌ಐಟಿಗಳಲ್ಲಿ ₹70,000 ಇದ್ದದ್ದು ₹1,25,000ಕ್ಕೆ) ಅದರ ಜೊತೆಗೆ ಒಂದು ರಿಯಾಯಿತಿಯೂ ಬಂತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವೇ ಇಲ್ಲ. ಉಳಿದವರಲ್ಲಿ ಕುಟುಂಬದ ಆದಾಯ ₹1 ಲಕ್ಷಕ್ಕಿಂತ ಕಡಿಮೆ ಇದ್ದರೆ ಪೂರ್ಣ ಮನ್ನಾ, ₹1 ಲಕ್ಷದಿಂದ ₹5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮನ್ನಾ. ತಮ್ಮ ಪ್ರಮಾಣಪತ್ರದ ಪ್ರಕಾರ ತಾವು ಈ ಎರಡನೆಯ ಗುಂಪಿನಲ್ಲಿದ್ದೀರಿ. ಹಾಗಾಗಿ ತಮ್ಮ ಪಾಲಿಗೆ ಎನ್‌ಐಟಿಯ ಬೋಧನಾ ಶುಲ್ಕ ವರ್ಷಕ್ಕೆ ₹41,667, ಐಐಟಿಯದು ₹66,667. ಬೆಂಗಳೂರಿನ ಕಾಲೇಜಿನದು ಮಾತ್ರ ₹1,12,000ದಲ್ಲಿಯೇ ನಿಲ್ಲುತ್ತದೆ. ಭಾವಮೈದನವರ ಕ್ರಮ ಇಲ್ಲಿಯೇ ತಲೆಕೆಳಗಾಯಿತು.

ಆದರೆ ಸಂಭ್ರಮಿಸುವ ಮೊದಲು ಆ ₹5 ಲಕ್ಷದ ಗೆರೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಅದು ಇಳಿಜಾರಲ್ಲ, ಕಡಿದಾದ ಅಂಚು. ಆದಾಯ ₹4,99,000 ಇದ್ದವರು ಎನ್‌ಐಟಿಗೆ ₹41,667 ಕಟ್ಟಿದರೆ, ₹5,01,000 ಇದ್ದವರು ಪೂರ್ತಿ ₹1,25,000 ಕಟ್ಟಬೇಕು. ಎರಡು ಸಾವಿರದ ಹೆಚ್ಚುವರಿ ಆದಾಯಕ್ಕೆ ಎಂಬತ್ತಮೂರು ಸಾವಿರದ ಹೆಚ್ಚುವರಿ ಶುಲ್ಕ. ಪ್ರತಿ ವರ್ಷವೂ ಹೊಸ ಆದಾಯ ದಾಖಲೆ ಕೇಳುವ ಸಂಸ್ಥೆಗಳಿವೆ. ನನ್ನ ಮಗ ಓದಿದಲ್ಲಿಯೂ ಹಾಗೆಯೇ ಇತ್ತು. ಮೂರನೆಯ ವರ್ಷ ನನ್ನ ಆದಾಯ ಆ ಗೆರೆಯನ್ನು ಹನ್ನೊಂದು ಸಾವಿರದಷ್ಟು ದಾಟಿತು, ರಿಯಾಯಿತಿ ಹೋಯಿತು. ಅಡಿಕೆ ಬೆಳೆಗಾರರಾದ ತಾವು, ದರ ಏರಿದ ವರ್ಷದಲ್ಲಿ ಹೀಗಾಗಬಹುದು ಎಂದು ಮೊದಲೇ ಇಟ್ಟುಕೊಂಡು ಲೆಕ್ಕ ಹಾಕುವುದು ಕ್ಷೇಮ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರಬಹುದು, ಆದರೆ ಕುಟುಂಬದ ಒಟ್ಟು ಆದಾಯ ಎಂದು ಕೇಳಿದಲ್ಲಿ ಅದನ್ನು ಬಿಟ್ಟು ತೋರಿಸುವಂತಿಲ್ಲ.

ಇನ್ನು ಹೆಚ್ಚಾಗುವ ಕಡೆ. ಮಗನ ನಾಲ್ಕು ವರ್ಷಗಳ ಖರ್ಚನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹೆಂಡತಿ ಅದನ್ನು ನೋಡಿ ನಗುತ್ತಿದ್ದಳು. ಎರಡು ವರ್ಷ ರಿಯಾಯಿತಿಯೊಂದಿಗೆ, ಎರಡು ವರ್ಷ ರಿಯಾಯಿತಿ ಇಲ್ಲದೆ ಕಟ್ಟಿದ ಬೋಧನಾ ಶುಲ್ಕ ₹3,33,000. ಸಂಸ್ಥೆಯ ಇತರೆ ಶುಲ್ಕಗಳು ₹80,000. ಹಾಸ್ಟೆಲ್ ಮತ್ತು ಮೆಸ್ ಮೊದಲ ವರ್ಷ ₹68,000 ಇದ್ದದ್ದು ಕೊನೆಯ ವರ್ಷ ₹84,000 ಆಯಿತು, ಒಟ್ಟು ₹3,03,000. ರೈಲು, ಬಸ್ಸು, ಸೇರಿಸಲು ನಾವಿಬ್ಬರೂ ಹೋಗಿಬಂದದ್ದು ಎಲ್ಲ ಸೇರಿ ₹96,000. ಲ್ಯಾಪ್‌ಟಾಪ್ ₹62,000. ಕೈಖರ್ಚಿಗೆ ಕಳುಹಿಸಿದ್ದು ₹1,40,000. ಮೂರನೆಯ ವರ್ಷದ ಬೇಸಗೆಯಲ್ಲಿ ಇಂಟರ್ನ್‌ಶಿಪ್ಪಿಗೆಂದು ಎರಡು ತಿಂಗಳು ಬೇರೆ ನಗರದಲ್ಲಿ ಇದ್ದದ್ದಕ್ಕೆ ₹38,000. ಕೂಡಿದರೆ ₹10,52,000, ಅದರಲ್ಲಿ ಬೋಧನಾ ಶುಲ್ಕದ ಪಾಲು ಮೂರನೆಯ ಒಂದಕ್ಕಿಂತಲೂ ಕಡಿಮೆ.

ಇದೇ ಅಚ್ಚಿನಲ್ಲಿ ತಮ್ಮ ಮೂರು ದಾರಿಗಳನ್ನು ಹಾಕಿ ನೋಡಿದೆ. ಲ್ಯಾಪ್‌ಟಾಪು, ಕೈಖರ್ಚು ಎಲ್ಲಿ ಹೋದರೂ ಬರುವುದರಿಂದ ಅವನ್ನು ಕೈಬಿಟ್ಟಿದ್ದೇನೆ. ವಾಸ ಮತ್ತು ಊಟದ ಮೊತ್ತಗಳು ನನ್ನ ಅಂದಾಜು ಮಾತ್ರ. ಆಯಾ ಸಂಸ್ಥೆಯ ಈ ವರ್ಷದ ಹಾಸ್ಟೆಲ್ ಸುತ್ತೋಲೆ ನೋಡಿ ತಾವು ತಿದ್ದಿಕೊಳ್ಳಬೇಕು. ಸುರತ್ಕಲ್‌ನಲ್ಲಿ ರಿಯಾಯಿತಿಯ ಬೋಧನಾ ಶುಲ್ಕ ₹1,67,000, ಹಾಸ್ಟೆಲ್, ಮೆಸ್ ಮತ್ತು ಇತರೆ ವರ್ಷಕ್ಕೆ ₹80,000ದಂತೆ ₹3,20,000, ಒಟ್ಟು ₹4,87,000. ಎರಡು ವರ್ಷ ರಿಯಾಯಿತಿ ತಪ್ಪಿದರೆ ₹6,54,000. ಉತ್ತರದ ಐಐಟಿಯಲ್ಲಿ ಬೋಧನಾ ಶುಲ್ಕ ₹2,67,000, ವಾಸ ಇತ್ಯಾದಿ ₹3,60,000, ಓಡಾಟ ₹1,00,000, ಒಟ್ಟು ₹7,27,000. ಅಲ್ಲಿ ಎರಡು ವರ್ಷ ರಿಯಾಯಿತಿ ತಪ್ಪಿದರೆ ಹತ್ತು ಲಕ್ಷದ ಹತ್ತಿರ. ಬೆಂಗಳೂರಿನಲ್ಲಿ ಕಾಲೇಜಿಗೆ ₹4,48,000, ಪಿ.ಜಿ.ಗೆ ತಿಂಗಳಿಗೆ ₹10,500ರಂತೆ ವರ್ಷಕ್ಕೆ ಹನ್ನೊಂದು ತಿಂಗಳು ಹಿಡಿದರೂ ₹4,62,000, ಒಟ್ಟು ₹9,10,000. ತಮ್ಮ ಹಾಳೆಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು, ಒಂದೇ ಒಂದು ಸಂದರ್ಭವನ್ನು ಬಿಟ್ಟು, ಎಲ್ಲಕ್ಕಿಂತ ದುಬಾರಿ.

ಸಿಇಟಿಯ ಕಡೆಯಲ್ಲೂ ಒಂದು ಬಾಗಿಲು ಇದೆ. ಎಸ್‌ಎನ್‌ಕ್ಯೂ ಎಂದು ಕರೆಯುವ ಶೇ 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ, ಕುಟುಂಬದ ಆದಾಯ ₹8 ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಆದರೂ ಅರ್ಜಿಯಲ್ಲಿ ಅದನ್ನು ಕೋರಿದ್ದೀರಾ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿ ದಾಖಲಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ.

ಉತ್ತರ 2: ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದು ಕೈಯಲ್ಲಿ ಹಣವಿದ್ದು ಓದಿಸುವವರ ಲೆಕ್ಕ. ಸಾಲ ಮಾಡಿ ಓದಿಸುವವರಿಗೆ ಬಡ್ಡಿಯೂ ಒಂದು ಕಲಮು, ಅದೂ ಸಣ್ಣದಲ್ಲ.

ವರ್ಷಕ್ಕೆ ₹1,50,000ದಂತೆ ನಾಲ್ಕು ಕಂತುಗಳಲ್ಲಿ ₹6 ಲಕ್ಷ ಸಾಲ ಪಡೆದಿರಿ, ಬಡ್ಡಿ ಶೇ 9 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷ ಆಗುವವರೆಗೆ ಮರುಪಾವತಿ ಆರಂಭವಾಗುವುದಿಲ್ಲ. ಈ ಅವಧಿಯಲ್ಲಿ ಸರಳ ಬಡ್ಡಿ ಬೀಳುತ್ತದೆ. ಮೊದಲ ಕಂತಿನ ಮೇಲೆ ಐದು ವರ್ಷ, ಎರಡನೆಯದರ ಮೇಲೆ ನಾಲ್ಕು, ಮೂರನೆಯದರ ಮೇಲೆ ಮೂರು, ಕೊನೆಯದರ ಮೇಲೆ ಎರಡು ವರ್ಷ: ಒಟ್ಟು ಬಡ್ಡಿ ₹1,89,000. ಮಗಳು ಮೊದಲ ಕಂತು ಕಟ್ಟುವ ದಿನ ಸಾಲ ₹7,89,000 ಆಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ₹10,000. ಅಂದರೆ ಆರು ಲಕ್ಷಕ್ಕೆ ಹನ್ನೆರಡು ಲಕ್ಷದ ಹತ್ತಿರ. ಓದುತ್ತಿರುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ (ಮೊದಲ ವರ್ಷ ತಿಂಗಳಿಗೆ ₹1,125, ನಾಲ್ಕನೆಯ ವರ್ಷ ₹4,500) ಸಾಲ ₹6 ಲಕ್ಷದಲ್ಲಿಯೇ ಉಳಿದು, ಕಂತು ಸುಮಾರು ₹7,600ಕ್ಕೆ ಇಳಿಯುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಅರ್ಧ ಶೇಕಡಾ ಕಡಿತ ಮಾಡುವ ಬ್ಯಾಂಕುಗಳೂ ಇವೆ. ಕೇಳಿದರೆ ಮಾತ್ರ ಹೇಳುತ್ತಾರೆ. ನಾನೂ ಕೌಂಟರಿನ ಆಚೆ ಕುಳಿತಿದ್ದವನು, ಆದ್ದರಿಂದ ಹೇಳುತ್ತಿದ್ದೇನೆ.

ರ‍್ಯಾಂಕಿಂಗ್ ನಿಜವಾಗಿ ಹಣದ ಲೆಕ್ಕಕ್ಕೆ ಬರುವುದು ಇಲ್ಲಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ಎಲ್ಲ ಕಾಲೇಜುಗಳಿಗೂ ಅನ್ವಯಿಸುವುದಿಲ್ಲ. ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿಯ ಮೊದಲ ನೂರರೊಳಗಿನ ಸಂಸ್ಥೆಗಳು, 101ರಿಂದ 200ರವರೆಗಿನ ರಾಜ್ಯ ಸರ್ಕಾರಿ ಸಂಸ್ಥೆಗಳು ಮತ್ತು ಕೇಂದ್ರ ಸರ್ಕಾರದ ಎಲ್ಲ ಸಂಸ್ಥೆಗಳು ಅದರಲ್ಲಿ ಸೇರಿವೆ. ಅಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಕುಟುಂಬದ ಆದಾಯ ₹8 ಲಕ್ಷದವರೆಗೆ ಇದ್ದರೆ, ₹10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವ ತನಕ ಶೇ 3ರಷ್ಟು ಬಡ್ಡಿ ಸಹಾಯಧನ ಇದೆ. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಎಂಬ ಮಿತಿಯೂ ಇದೆ. ಮೇಲಿನ ಉದಾಹರಣೆಯಲ್ಲಿ ಅದರಿಂದ ₹63,000 ಉಳಿಯುತ್ತದೆ. ಎನ್‌ಐಟಿ, ಐಐಟಿ ಎರಡೂ ಈ ಪಟ್ಟಿಯಲ್ಲಿ ತಾವಾಗಿಯೇ ಬರುತ್ತವೆ. ಬೆಂಗಳೂರಿನ ಕಾಲೇಜು ಬರುತ್ತದೆಯೇ ಎಂಬುದನ್ನು ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ನೋಡಬೇಕು. ಹೆಸರುವಾಸಿ ಎಂದ ಮಾತ್ರಕ್ಕೆ ಬಂದೇ ಬರುತ್ತದೆ ಎನ್ನಲಾಗದು.

ತಮ್ಮ ವಿಷಯದಲ್ಲಿ ಒಂದು ಬೇಸರದ ಸಂಗತಿಯಿದೆ. ಆದಾಯ ₹4.5 ಲಕ್ಷದೊಳಗೆ ಇದ್ದಿದ್ದರೆ, ತಾಂತ್ರಿಕ ಮತ್ತು ವೃತ್ತಿಪರ ಶಿಕ್ಷಣಕ್ಕೆ ಇರುವ ಮತ್ತೊಂದು ಯೋಜನೆಯಡಿ ಆ ಅವಧಿಯ ಬಡ್ಡಿ ಪೂರ್ತಿ ಮನ್ನಾ ಆಗುತ್ತಿತ್ತು. ತಾವು ಹತ್ತು ಸಾವಿರದಿಂದ ಹೊರಗುಳಿದಿದ್ದೀರಿ. ಒಂದೇ ಪ್ರಮಾಣಪತ್ರಕ್ಕೆ ₹4.5 ಲಕ್ಷ, ₹5 ಲಕ್ಷ, ₹8 ಲಕ್ಷ ಎಂಬ ಮೂರು ಗೆರೆಗಳಿದ್ದು, ಒಂದೊಂದೂ ಒಂದೊಂದು ಬಾಗಿಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂಬುದು ಬಹಳಷ್ಟು ಪೋಷಕರಿಗೆ ಸೀಟು ಸಿಕ್ಕ ಮೇಲೆಯೇ ತಿಳಿಯುತ್ತದೆ.

ಉತ್ತರ 3: ಬೆಂಗಳೂರಿನಿಂದ, ಹಳೆಯ ವಿದ್ಯಾರ್ಥಿನಿ

ಹೆಣ್ಣುಮಕ್ಕಳ ಓಡಾಟದ ಖರ್ಚನ್ನು ಶಕ್ತಿ ಯೋಜನೆ ಬದಲಾಯಿಸಿರುವುದನ್ನು ಇಲ್ಲಿ ಯಾರೂ ಹೇಳಿಲ್ಲ. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಮತ್ತು ಹೊರರಾಜ್ಯದ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಇದೇ ಅನುಕೂಲ ಇರುವುದರಿಂದ, ಕಾಲೇಜಿನ ಬಾಗಿಲಲ್ಲೇ ಇರುವ ದುಬಾರಿ ಪಿ.ಜಿ. ಬಿಟ್ಟು ನಾಲ್ಕಾರು ಕಿಲೋಮೀಟರ್ ಆಚೆ ಇರುವ ಮಕ್ಕಳಿದ್ದಾರೆ. ಮೆಟ್ರೊ ಹತ್ತಿದರೆ ಮಾತ್ರ ಕೈಯಿಂದ ಹೋಗುತ್ತದೆ. ಪಿ.ಜಿ.ಯವರು ಮುಂಗಡದಲ್ಲಿ ‘ಮೆಂಟೆನೆನ್ಸ್’ ಎಂದು ಹಿಡಿದುಕೊಳ್ಳುವ ಮೊತ್ತವನ್ನೂ ಕೇಳಿಕೊಳ್ಳಿ, ಅದು ಮರಳಿ ಬರುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರೇ ಆಗಬೇಕೆಂದಿದ್ದರೆ ಸಿಇಟಿ ಪಟ್ಟಿಯಲ್ಲಿ ಯುವಿಸಿಇಯನ್ನು (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್) ಏಕೆ ಬಿಟ್ಟಿದ್ದೀರಿ? 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾದ ಸರ್ಕಾರಿ ಸಂಸ್ಥೆ ಅದು, ಕೆ.ಆರ್. ವೃತ್ತದಲ್ಲಿದೆ. ಶುಲ್ಕ ಖಾಸಗಿ ಕಾಲೇಜಿನ ಸಿಇಟಿ ಶುಲ್ಕದ ಅರ್ಧದ ಆಸುಪಾಸು. ಕಟ್ಟಡ ಹಳೆಯದು, ಹೊಳಪು ಇಲ್ಲ. ಅದನ್ನು ಕಂಡು ಹಿಂದೆ ಸರಿದವರನ್ನು ನಾನು ನೋಡಿದ್ದೇನೆ. ಕಂಪ್ಯೂಟರ್ ಸೈನ್ಸ್ ಅಲ್ಲಿಯೂ ಸಿಗುವಂತಿದ್ದರೆ ತಮ್ಮ ಮೂರನೆಯ ಕಲಮಿನ ಮೊತ್ತವೇ ಬೇರೆಯಾಗುತ್ತದೆ.

ಉತ್ತರ 4: ನ್ಯೂಜೆರ್ಸಿಯಿಂದ

ಇಲ್ಲಿ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿಯೊಂದು ಪದವಿ ಕಾಲೇಜೂ 2011ರಿಂದ ತನ್ನ ಜಾಲತಾಣದಲ್ಲಿ ‘ನೆಟ್ ಪ್ರೈಸ್’ ಲೆಕ್ಕಯಂತ್ರವೊಂದನ್ನು ಇಟ್ಟಿರಲೇಬೇಕು ಎಂಬ ಕಾನೂನಿದೆ. ಬೋಧನಾ ಶುಲ್ಕ, ವಾಸ, ಊಟ, ಪುಸ್ತಕ, ಓಡಾಟ ಎಲ್ಲವನ್ನೂ ಕೂಡಿ ‘ಹಾಜರಾತಿಯ ವೆಚ್ಚ’ ಎಂದು ಮೊದಲು ತೋರಿಸುತ್ತಾರೆ. ಅದರಿಂದ ಮರಳಿ ಕೊಡಬೇಕಿಲ್ಲದ ನೆರವನ್ನು ಕಳೆದು, ಆ ಕುಟುಂಬ ನಿಜವಾಗಿ ತೆರಬೇಕಾದ ಮೊತ್ತವನ್ನು ಹೇಳುತ್ತಾರೆ. ಹಾಗೆ ನೋಡಿದಾಗ, ಬೆಲೆಯ ಚೀಟಿಯಲ್ಲಿ ಅತ್ಯಂತ ದುಬಾರಿಯಾದ ಹಾರ್ವರ್ಡ್, ಎಂಐಟಿಯಂಥವು ಮಧ್ಯಮ ವರ್ಗದ ಅನೇಕ ಕುಟುಂಬಗಳಿಗೆ ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಅಗ್ಗವಾಗುವುದುಂಟು. ಹಾಸನದವರು ನೋಟ್‌ಬುಕ್ಕಿನಲ್ಲಿ ಮಾಡಿರುವುದು ಇದನ್ನೇ. ಸಾಲವನ್ನು ಮಾತ್ರ ‘ನೆರವು’ ಎಂದು ಎಂದಿಗೂ ಕಳೆಯಬೇಡಿ. ಇಲ್ಲಿಯ ಪ್ರವೇಶ ಪತ್ರಗಳಲ್ಲಿ ಸಾಲವನ್ನೂ ನೆರವಿನ ಸಾಲಿನಲ್ಲಿ ಸೇರಿಸಿ ಬರೆದಿದ್ದನ್ನು ಕಂಡು ಮೋಸಹೋದ ಪೋಷಕರು ಬೇಕಾದಷ್ಟು ಮಂದಿ ಇದ್ದಾರೆ.

ಉತ್ತರ 5: ಎಂಜಿನಿಯರಿಂಗ್ ಅಧ್ಯಾಪಕ, ದಾವಣಗೆರೆ

ರ‍್ಯಾಂಕಿಂಗ್ ಬಗ್ಗೆ ಎರಡು ಮಾತು. ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಬೋಧನೆ ಮತ್ತು ಸೌಕರ್ಯಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವೀಧರರ ಫಲಿತಾಂಶಕ್ಕೆ ಶೇ 20, ಒಳಗೊಳ್ಳುವಿಕೆಗೆ ಶೇ 10, ಜನಾಭಿಪ್ರಾಯಕ್ಕೆ ಶೇ 10 ತೂಕ ಕೊಡುತ್ತಾರೆ. ಶುಲ್ಕ ಎಷ್ಟು ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಹಾಗಾಗಿ ರ‍್ಯಾಂಕನ್ನು ಇಟ್ಟುಕೊಂಡು ‘ಕೊಟ್ಟ ಹಣಕ್ಕೆ ತಕ್ಕದ್ದು’ ಎಂದು ತೀರ್ಮಾನಿಸುವುದು ಸರಿಯಲ್ಲ.

ಅದರ ಬದಲು ಅದೇ ಜಾಲತಾಣದಲ್ಲಿ ಪ್ರತಿ ಸಂಸ್ಥೆ ಸಲ್ಲಿಸಿದ ಮಾಹಿತಿಯ ಕಡತವನ್ನು ತೆರೆಯಿರಿ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಅವಧಿಯೊಳಗೆ ಪದವಿ ಪಡೆದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ವೇತನ ಎಷ್ಟು, ಎಷ್ಟು ಮಂದಿಗೆ ಬೋಧನಾ ಶುಲ್ಕ ಪೂರ್ತಿ ಮರುಪಾವತಿಯಾಯಿತು ಎಂಬುದೆಲ್ಲ ಅದರಲ್ಲಿದೆ. ಜಾಹೀರಾತಿನ ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದು. ಮಧ್ಯಾಂಕ ವೇತನ ಸಾಲಿನ ನಡುವೆ ನಿಂತವರದು. ಆದರೆ ಆ ಮಧ್ಯಾಂಕ ಇಡೀ ಸಂಸ್ಥೆಯದೇ ಹೊರತು ವಿಭಾಗದ್ದಲ್ಲ. ತಮ್ಮ ಮಗಳು ಸುರತ್ಕಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುವುದಿಲ್ಲವಾದ್ದರಿಂದ, ಅಲ್ಲಿಯ ಆ ಸಂಖ್ಯೆಯನ್ನು ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಪಕ್ಕದಲ್ಲಿ ಇಡುವಾಗ ಎಚ್ಚರ ಬೇಕು. ಆ ವಿಭಾಗದ ಅಂತಿಮ ವರ್ಷದ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೇಳಿದರೆ ಹೆಚ್ಚು ನಿಜ ತಿಳಿಯುತ್ತದೆ. ಮಗಳಿಗೆ ಆ ವಿಷಯ ಇಷ್ಟವೇ ಎಂಬುದನ್ನು ತಾವು ಪ್ರಶ್ನೆಯಲ್ಲಿ ಎಲ್ಲಿಯೂ ಬರೆದಿಲ್ಲ, ಗಮನಿಸಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರ ಆಕ್ಷೇಪ ಸರಿಯಾದದ್ದೇ. ನಿನ್ನೆ ರಾತ್ರಿ ಕೇಳಿದಾಗ ಮಗಳು ಕಂಪ್ಯೂಟರ್ ಸೈನ್ಸ್ ಬೇಕೆಂದು ತಾನು ಹೇಳಿಯೇ ಇರಲಿಲ್ಲ, ನಾವೇ ಹಾಗೆ ತಿಳಿದುಕೊಂಡಿದ್ದೇವೆ ಎಂದಳು. ಅವಳಿಗೆ ರಸಾಯನಶಾಸ್ತ್ರ ಇಷ್ಟ, ಸುರತ್ಕಲ್‌ನಲ್ಲಿ ಸಿಗುವಂತೆ ಕಾಣುವುದು ಕೆಮಿಕಲ್ ವಿಭಾಗ.

ಹಾಳೆಯನ್ನು ಹೊಸದಾಗಿ ಬರೆದಿದ್ದೇನೆ. ಎನ್‌ಐಟಿಗೂ ಐಐಟಿಗೂ ಈಗ ಎರಡೆರಡು ಮೊತ್ತಗಳಿವೆ: ರಿಯಾಯಿತಿ ನಾಲ್ಕೂ ವರ್ಷ ಉಳಿದರೆ ಒಂದು, ಎರಡು ವರ್ಷ ತಪ್ಪಿದರೆ ಇನ್ನೊಂದು. ಶಕ್ತಿ ಯೋಜನೆಯಿಂದ ನಮಗೆ ಹೆಚ್ಚಿನ ಉಳಿತಾಯವಾಗಲಾರದು, ಏಕೆಂದರೆ ನಮ್ಮ ಕಡೆಯಿಂದ ಘಟ್ಟ ಇಳಿಯುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು. ಯಾರೂ ಹೇಳದ ಒಂದು ಕಲಮನ್ನು ನಾನೇ ಸೇರಿಸಿದ್ದೇನೆ. ಮಗ ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅಕ್ಕನ ಸಾಲದ ಮೊದಲ ಕಂತು ಬರುವ ಹೊತ್ತಿಗೆ ಅವನು ಕಾಲೇಜಿನ ಎರಡನೆಯ ವರ್ಷದಲ್ಲಿರುತ್ತಾನೆ. ಆದ್ದರಿಂದ ಸಾಲವನ್ನು ₹3 ಲಕ್ಷಕ್ಕೆ ಸೀಮಿತಗೊಳಿಸಿ, ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತ ಹೋಗುವುದೆಂದು ಮನೆಯಲ್ಲಿ ಮಾತಾಗಿದೆ.

ಎಸ್‌ಎನ್‌ಕ್ಯೂ ಕೋರಿಕೆ ಅರ್ಜಿಯಲ್ಲಿ ಇದೆ, ಆರ್‌ಡಿ ಸಂಖ್ಯೆಯೂ ಸರಿಯಾಗಿದೆ. ಯುವಿಸಿಇಯನ್ನು ಸಿಇಟಿ ಆಯ್ಕೆಗಳಲ್ಲಿ ಖಾಸಗಿ ಕಾಲೇಜಿಗಿಂತ ಮೇಲೆ ಇಟ್ಟಿದ್ದೇವೆ. ಜೋಸಾದಲ್ಲಿ (ಐಐಟಿ, ಎನ್‌ಐಟಿಗಳ ಸೀಟು ಹಂಚಿಕೆಯಲ್ಲಿ) ಸುರತ್ಕಲ್ ಸಿಕ್ಕರೆ ಒಪ್ಪಿಕೊಂಡು, ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೂ ಕಾಯುವ ‘ಫ್ಲೋಟ್’ ಕೊಡುವುದೇ, ಅದನ್ನೇ ಅಂತಿಮವಾಗಿಸುವ ‘ಫ್ರೀಜ್’ ಮಾಡುವುದೇ ಎಂಬುದು ಮಾತ್ರ ಉಳಿದಿದೆ. ಫ್ಲೋಟ್ ಕೊಟ್ಟರೆ ಮುಂದಿನ ಸುತ್ತಿನಲ್ಲಿ ಆ ಐಐಟಿ ತಾನಾಗಿಯೇ ಬಂದುಬಿಡಬಹುದಾದ್ದರಿಂದ, ಅದನ್ನು ಪಟ್ಟಿಯಲ್ಲಿ ಸುರತ್ಕಲ್‌ಗಿಂತ ಕೆಳಗೆ ಇಡಲು ಮಗಳು ಈಗ ಕುಳಿತಿದ್ದಾಳೆ.